ರಾಮಮ್ಮನ ಚೌಕ ಗೇಟಿಗೆ ಓಡಿದ್ದು

ಒಬ್ಬ ಹೆಂಗಸನ್ನು ಊರೆಲ್ಲ ಕೇಳುವಂತೆ ಮೋಸಗಾತಿ ಎಂದು ಕರೆಯಲು ನಮ್ಮೂರಲ್ಲಿ ಎಷ್ಟು ಹೊತ್ತು ಬೇಕು? ಎಲೆಗೆ ಸುಣ್ಣ ಸವರಿ ಮಡಚಿ ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು ಸಾಕು. ಆ ಮಾತನ್ನು ಹಿಂದಕ್ಕೆ ತೆಗೆಸಲು ಎಷ್ಟು ಹೆಣಗಬೇಕು ಎನ್ನುವುದನ್ನು ನಾನು ಕಣ್ಣಾರೆ ಕಂಡೆ. ಬರೆಯದೆ ಬಿಟ್ಟರೆ ಉಂಡ ಅನ್ನ ಅರಗುವುದಿಲ್ಲ.

ಆ ಹೆಂಗಸು ಆಶಾರಾಣಿ. ನಮ್ಮ ಸಂತೆಯಲ್ಲಿ ತರಕಾರಿ ಮಾರುವ ರಾಮಮ್ಮನ ಮಗಳು. ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಸುತ್ತಮುತ್ತ ಬೇರು ಬಿಟ್ಟ ಒಕ್ಕಲು ಮನೆತನ. ನಮ್ಮೂರು ಕುಶಾಲನಗರದಿಂದ ಅರ್ಧ ಗಂಟೆಯ ದಾರಿ. ಶುಂಠಿ, ಗದ್ದೆ, ಒಂದಿಷ್ಟು ಕಾಫಿ. ವಾರಕ್ಕೊಮ್ಮೆ ಸಂತೆ. ಆ ಸಂತೆಯ ಮೈಕು ನನ್ನದು. ಕೂಗು ಹಾಕುವ ನಾಲ್ಕು ಹಾರನ್ನು, ಅದಕ್ಕೊಂದು ಆಂಪ್ಲಿಫಯರು, ಗೇಟಿನ ಪಕ್ಕದಲ್ಲಿ ರೇಡಿಯೋ ರಿಪೇರಿಯ ಒಂದು ಗೂಡು. ಹಾಗಾಗಿ ಆ ಮಾತು ಮೊದಲು ಹೊಡೆದದ್ದು ನನ್ನ ಕಿವಿಗೆ.

ಆಶಾರಾಣಿ ಹುಟ್ಟುಗುಣದಲ್ಲೇ ಬಿರುಸು. ಚಿಕ್ಕವಳಿದ್ದಾಗ ಅವ್ವನ ಗೋಣಿಚೀಲದ ಹಿಂದೆ ಕೂತು, ಟೊಮೇಟೊ ಹಿಚುಕಿ ನೋಡುವ ಗಿರಾಕಿಗಳಿಗೆ "ಹಿಚುಕಿದ್ದು ನಿಮ್ದೇ, ಚೀಲಕ್ಕೆ ಹಾಕಳಿ" ಎನ್ನುತ್ತಿದ್ದಳು. ಡಿಗ್ರಿ ಮುಗಿಸಿ ಬಿಟ್ಟಂಗಾಲದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದಳು. ಲೈನುಮನೆಗಳ ಕೂಲಿ ಹೆಂಗಸರ ಹಾಜರಿ, ಅವರು ಕೊಯ್ದ ಹಣ್ಣಿನ ತೂಕ ಎಲ್ಲ ಅವಳ ಪಾಲಿಗೆ. ಆಫೀಸಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಕಂಪ್ಯೂಟರನ್ನು ಒರೆಸಿ, ಮೊಬೈಲಿನಲ್ಲಿ ಪಾಠ ನೋಡಿಕೊಂಡು, ತೂಕ ಹಾಕುವ ಪ್ರೋಗ್ರಾಂ ಒಂದನ್ನು ತಾನೇ ಬರೆದಳು. ಮೊದಲ ವಾರ ಅದು ಎಲ್ಲರನ್ನೂ ಗೈರುಹಾಜರಿ ಮಾಡಿತ್ತಂತೆ. ಲೈನಿನ ಹೆಂಗಸರು "ಏನಮ್ಮ, ನಿನ್ನ ಮಿಶನ್ನಿಗೆ ನಾವು ಕಾಣಲ್ವಾ?" ಎಂದು ಸುತ್ತುಗಟ್ಟಿದಾಗ ಇವಳು ಅವರಿಗಿಂತ ಜೋರು ಮಾಡಿ, ಸಂಜೆಯೊಳಗೆ ಸರಿಪಡಿಸಿದ್ದಳು. ಅಲ್ಲಿಂದ ಅವಳಿಗೆ ಅದರ ಹುಚ್ಚು ಹಿಡಿಯಿತು. ಪಿಕಪ್ ಓಡಿಸುವ ಶಿವಪ್ರಕಾಶನನ್ನು ಮದುವೆಯಾಗಿ ಊರಿಗೆ ಮರಳಿದ ಮೇಲೆ, ಮನೆಯ ಮುಂಗೋಣೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಔಷಧಿ ಅಂಗಡಿಗೆ, ಶುಂಠಿ ಮಂಡಿಗೆ, ಅಕ್ಕಿ ಗಿರಣಿಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುವ ಕೆಲಸ ಹಿಡಿದಳು. ಅವಳಿಗೆ ಬೋರ್ಡಿಲ್ಲ, ಜಾಹೀರಾತಿಲ್ಲ. "ರಾಮಮ್ಮನ ಮಗಳು ಮಾಡಿಕೊಡ್ತಾಳೆ" ಎನ್ನುವ ಒಂದು ಮಾತಿನ ಮೇಲೆ ಕೆಲಸ ನಡೆಯುತ್ತಿತ್ತು. ಆ ಮಾತು ಕೆಟ್ಟರೆ ಎಲ್ಲ ಕೆಟ್ಟಂತೆ. ಇದನ್ನು ನೆನಪಿಡಬೇಕು.

ಈಚೆಗೆ ನಮ್ಮ ಸಂತೆ ಮೈದಾನಕ್ಕೆ ಕಾಂಕ್ರೀಟು ಹಾಕಿದರು. ಅದುವರೆಗೆ ಯಾರು ಎಲ್ಲಿ ಕೂರಬೇಕು ಎನ್ನುವುದು ರೂಢಿಯ ಮೇಲೆ ನಡೆಯುತ್ತಿತ್ತು. ನೆಲ ಹೊಸದಾದ ಕೂಡಲೇ ರೂಢಿಯೆಲ್ಲ ಅಳಿಸಿಹೋಯಿತು, ಜಗಳ ಹುಟ್ಟಿತು. ಸುಣ್ಣದ ಗೆರೆ ಎಳೆದರೆ ಒಂದು ಮಳೆಗೆ ಮಾಯ. ಕೊನೆಗೆ ವ್ಯಾಪಾರಿಗಳ ಸಂಘದವರು ಆಶಾರಾಣಿಗೆ ಹೇಳಿ ಒಂದು ಪ್ರೋಗ್ರಾಂ ಮಾಡಿಸಿದರು. ಪರದೆಯ ಮೇಲೆ ಮೈದಾನದ ಪಟ. ಒಬ್ಬೊಬ್ಬ ವ್ಯಾಪಾರಿಗೆ ಹೆಸರು ಬರೆದ ಒಂದೊಂದು ಚೌಕ. ಮೌಸಿನಿಂದ ಚೌಕವನ್ನು ಹಿಡಿದು ಎಳೆದು, ಬೇಕಾದ ಜಾಗದಲ್ಲಿ ಬಿಟ್ಟರೆ ಅಲ್ಲೇ ಕೂರುತ್ತದೆ. ಆಮೇಲೆ ಪಟವನ್ನು ಪ್ರಿಂಟು ಹಾಕಿ ಗೇಟಿಗೆ ಅಂಟಿಸಿದರೆ ಎಲ್ಲರಿಗೂ ತಮ್ಮ ಜಾಗ ಗೊತ್ತಾಗುತ್ತದೆ.

ಪಟದ ಎಡತುದಿಗೆ ಚರಂಡಿ. ವಾಸನೆ, ನೊಣ, ಅಲ್ಲಿಗೆ ಗಿರಾಕಿ ಕಾಲಿಡುವುದು ಕಡಿಮೆ. ಬಲತುದಿಯ ಕೆಳಮೂಲೆಯಲ್ಲಿ ಗೇಟು. ಅಲ್ಲಿ ಕೂತವರದು ಅದೃಷ್ಟ. ಗೇಟಿನ ಜಾಗ ಮೊದಲಿನಿಂದಲೂ ವೀಳ್ಯದೆಲೆ ಮಾರುವ ದೊಡ್ಡಿ ಎಂಬವಳದು. ರಾಮಮ್ಮ ನಡುವೆ ಎಲ್ಲೋ ಕೂರುತ್ತಿದ್ದವಳು ತಾನಾಗಿಯೇ ಹೇಳಿದ್ದಳು:

"ನನ್ನನ್ನ ಚರಂಡಿ ಪಕ್ಕಕ್ಕೆ ಹಾಕಿ. ಮಗಳು ಮಾಡಿದ ಪಟದಾಗೆ ಅವ್ವ ಒಳ್ಳೆ ಜಾಗದಲ್ಲಿದ್ರೆ ನಾಳೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ."

ಇಂಥ ಹೆಂಗಸಿನ ಮೇಲೆ ಆಪಾದನೆ ಬಂದದ್ದು.

ಪಟ ಇಟ್ಟುಕೊಂಡು ಚೌಕಗಳನ್ನು ಸರಿಸುವ ಕೆಲಸ ಸಂಘದ ಕಾರ್ಯದರ್ಶಿ ಚೆನ್ನಯ್ಯನದು. ಬಾಳೆಕಾಯಿ ಮಂಡಿಯವನು. ಆಳು ಕೆಟ್ಟವನಲ್ಲ ಎನ್ನುತ್ತಾರೆ. ನಾನು ಹಾಗೆ ಅನ್ನಲು ಇನ್ನೂ ಸ್ವಲ್ಪ ಕಾಲ ಬೇಕು. ಒಂದು ಸಂತೆಯ ದಿನ, ವ್ಯಾಪಾರ ತುಂಬಿ ತುಳುಕುವ ಹೊತ್ತಿಗೆ, ಅವನು ಕೈಯಲ್ಲಿ ಪ್ರಿಂಟು ಹಿಡಿದು ನನ್ನ ಗೂಡಿಗೆ ನುಗ್ಗಿದ. ಏನೋ ಸೂಚನೆ ಇರಬೇಕೆಂದು ಮೈಕು ಕೊಟ್ಟೆ.

"ವ್ಯಾಪಾರಸ್ಥರ ಗಮನಕ್ಕೆ! ಪಟದಲ್ಲಿ ಮೋಸ ಆಗಿದೆ! ನಾನು ರಾಮಮ್ಮನ ಚೌಕ ಚರಂಡಿ ಪಕ್ಕ ಇಟ್ರೆ ಅದು ತಾನಾಗೇ ಗೇಟಿಗೆ ಓಡುತ್ತೆ! ದೊಡ್ಡಿ ಚೌಕ ಮುಟ್ಟಿದ್ರೆ ಪಟದಿಂದಲೇ ಮಾಯ! ಆಶಾರಾಣಿ ಅವರಮ್ಮನಿಗೆ ಗೇಟು ಕೊಡಿಸೋಕೆ ಹಿಂಗೆ ಬರೆದಿದಾಳೆ! ಇದು ಕಳ್ಳತನ ಅಲ್ದೆ..."

ಅಷ್ಟರಲ್ಲಿ ನಾನು ವಯರು ಕಿತ್ತೆ. ಕಿತ್ತು ಏನು ಬಂತು? ನಾಲ್ಕು ಹಾರನ್ನುಗಳೂ ಆ ಹೆಸರನ್ನು ಆಗಲೇ ಮೈದಾನದ ನಾಲ್ಕು ಮೂಲೆಗೂ ಎರಚಿಬಿಟ್ಟಿದ್ದವು.

"ಏನ್ ಮೈಕಣ್ಣ, ಕರೆಂಟು ಹೋಯ್ತಾ?"

"ಕರೆಂಟು ಹೋಗಿಲ್ಲ, ನಿನ್ನ ಬುದ್ಧಿ ಹೋಗಿದೆ. ಕೇಳಿದೀಯೇನೋ ಆ ಹುಡುಗೀನ ಒಂದು ಮಾತು?"

"ಕೇಳೋದೇನು? ಪಟಾನೇ ಹೇಳ್ತಿದೆಯಲ್ಲ!"

ಅತ್ತ ದೊಡ್ಡಿ ಎಲೆಯ ಕಟ್ಟು ಬಿಟ್ಟು ಎದ್ದೇಬಿಟ್ಟಳು. ರಾಮಮ್ಮನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನೇ ರಾಮಿ, ನಿನ್ನ ಜೊತೆ ಎಷ್ಟು ವರ್ಷ ಎಲೆ ಹಂಚ್ಕೊಂಡು ತಿಂದೆ! ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ ಜಾಗಾನ? ಮಗಳ ಕೈಲಿ ನನ್ನ ಅಳಿಸಿ ಹಾಕ್ಸಬೇಕಿತ್ತಾ?" ರಾಮಮ್ಮ ಹರಡಿದ್ದ ಬೀನ್ಸನ್ನು ಮತ್ತೆ ಚೀಲಕ್ಕೆ ತುಂಬಿ, ಹೊತ್ತು ಮುಗಿಯುವ ಮೊದಲೇ ಮನೆಗೆ ಹೊರಟುಹೋದಳು. ಅವಳ ಆಯುಷ್ಯದಲ್ಲಿ ಅವಳು ಮಾರದೆ ಮನೆಗೆ ಹೊತ್ತ ತರಕಾರಿ ಅದೇ ಮೊದಲಿರಬೇಕು.

ಆಶಾರಾಣಿಗೆ ಸುದ್ದಿ ಮುಟ್ಟಿದ ಕೂಡಲೇ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಸಂಘದ ಆಫೀಸಿಗೆ ಬಂದಳು. ನಾನೂ ಹೋದೆ. ಅವಳ ಮುಖ ಕೆಂಡದಂತಿತ್ತು.

"ತೋರಿಸಿ ಚೆನ್ನಯ್ಯಣ್ಣ, ಎಲ್ಲಿ ಓಡಿದೆ?"

ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪಟ ತೆರೆದು ಅವ್ವನ ಚೌಕವನ್ನು ಚರಂಡಿಯ ಬಳಿ ಬಿಟ್ಟಳು. ಅಲ್ಲೇ ಕೂತಿತು. ಸಂಘದ ಕಂಪ್ಯೂಟರಿನಲ್ಲೂ ತಾನೇ ಕೂತು ಮಾಡಿ ತೋರಿಸಿದಳು. ಅಲ್ಲೂ ಕೂತಿತು. ದೊಡ್ಡಿಯ ಚೌಕವನ್ನೂ ಗೇಟಿಗೆ ತಂದು ಕೂರಿಸಿದಳು.

ಚೆನ್ನಯ್ಯ ನಕ್ಕ. ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. "ಅದೇ ಅಲ್ವಾ ಚಮತ್ಕಾರ! ನೀನು ಮುಟ್ಟಿದ್ರೆ ಸರಿ, ನಾನು ಮುಟ್ಟಿದ್ರೆ ತಪ್ಪು. ಯಾರು ಕೂತಿದಾರೆ ಅಂತ ನೋಡ್ಕಂಡು ಓಡೋ ಹಂಗೆ ಬರೆದಿದೀಯ. ಓದಿದೋಳಲ್ವಾ ನೀನು!"

"ಮೌಸಿಗೆ ಕಣ್ಣಿದೆಯೇನಣ್ಣ, ಯಾರ ಕೈ ಅಂತ ನೋಡೋಕೆ?"

"ಅದೆಲ್ಲ ನನಗೆ ಗೊತ್ತಿಲ್ಲವ್ವ. ನಾನು ಕಣ್ಣಾರೆ ಕಂಡಿದೀನಿ."

ಅಂದಿನಿಂದ ಊರಿನ ಬಾಯಿಗೆ ಕವಳ ಸಿಕ್ಕಂತಾಯಿತು. ಔಷಧಿ ಅಂಗಡಿಯವರು "ಸ್ವಲ್ಪ ದಿನ ಬಿಟ್ಟು ನೋಡೋಣ" ಎಂದು ಹೇಳಿಕಳಿಸಿದರು. ಶುಂಠಿ ಮಂಡಿಯವರು ಫೋನೇ ಎತ್ತಲಿಲ್ಲ. ಅಕ್ಕಿ ಗಿರಣಿಯಲ್ಲಿ ಯಾರೋ ತಮಾಷೆಗೆಂದು "ತೂಕದ ಪ್ರೋಗ್ರಾಮೂ ಅವರಮ್ಮನ ಮನೆ ಕಡೆ ವಾಲುತ್ತೇನೋ" ಎಂದರಂತೆ. ತಮಾಷೆಯಂತೆ! ಒಬ್ಬರ ಅನ್ನಕ್ಕೆ ಮಣ್ಣು ಹಾಕಿ ಹಲ್ಲು ಕಿಸಿಯುವುದಕ್ಕೆ ತಮಾಷೆ ಎನ್ನುವ ಹೆಸರು ಇಟ್ಟವನು ಯಾರೋ, ಸಿಕ್ಕರೆ ಕೇಳಬೇಕು. ರಾಮಮ್ಮ ಇನ್ನು ಸಂತೆಗೆ ಬರುವುದೇ ಇಲ್ಲ ಎಂದು ಕೂತುಬಿಟ್ಟಳು. ಶಿವಪ್ರಕಾಶ ಹೆಂಡತಿಗೆ ಹೇಳಿದ, "ಹೋಗ್ಲಿ ಬಿಡೆ, ಪಟಾನೂ ಬೇಡ, ಸಂಘಾನೂ ಬೇಡ. ನಾನು ದುಡೀತೀನಲ್ಲ." ಆಶಾರಾಣಿ ಅವನನ್ನು ಹೇಗೆ ನೋಡಿದಳೋ, ಅವನು ಎದ್ದು ಗಾಡಿ ತೊಳೆಯಲು ಹೋದನಂತೆ.

ಎರಡು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ಮತ್ತೆ ಆಫೀಸಿಗೆ ಬಂದಳು, ನಾನೂ ಜೊತೆಗಿದ್ದೆ. ಈ ಸಲ ಜಗಳವಿಲ್ಲ. ಒಂದು ಸ್ಟೂಲು ಎಳೆದುಕೊಂಡು ಚೆನ್ನಯ್ಯನ ಹಿಂದೆ ಕೂತಳು.

"ನಾನು ಏನೂ ಮುಟ್ಟಲ್ಲ. ನೀವು ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ. ನಾನು ನೋಡ್ತೀನಿ."

"ನೋಡು, ನೋಡು. ನಾನೇನು ಕದ್ದು ಮಾಡ್ತೀನಾ?"

ಚೆನ್ನಯ್ಯ ಚಪ್ಪಲಿ ಬಿಟ್ಟ. ಕಂಪ್ಯೂಟರಿನ ಗುಂಡಿ ಒತ್ತಿದ. ಪರದೆ ಬೆಳಗಿತು. ಅದರ ತುಂಬ ಕಾವೇರಮ್ಮನ ಪಟ. ಎಡಭಾಗದಲ್ಲಿ ಕೊಡ ಹಿಡಿದ ಅಮ್ಮ, ಬಲಕ್ಕೆ ಬೆಟ್ಟ, ಮೋಡ. ಅವನು ಪರದೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಆಶಾರಾಣಿಯ ಪ್ರೋಗ್ರಾಂ ತೆರೆದ. ಅದರ ಕಿಟಕಿ, ಅಂದರೆ ವಿಂಡೋ, ಪರದೆ ತುಂಬ ಹರಡಿಕೊಂಡು ತೆರೆಯಿತು. ಚೆನ್ನಯ್ಯ ಕೂಡಲೇ ಅದನ್ನು ಚಿಕ್ಕದು ಮಾಡಿ, ತಲೆಭಾಗ ಹಿಡಿದು, ಬಲಕ್ಕೂ ಕೆಳಕ್ಕೂ ಎಳೆದು, ಬೆಟ್ಟ ಮೋಡಗಳ ಮೇಲೆ ತಂದಿಟ್ಟ.

"ಯಾಕಣ್ಣ ಅದನ್ನ ಅಲ್ಲಿಗೆ ಎಳೆದ್ರಿ?" ಆಶಾರಾಣಿಯ ದನಿ ಸಣ್ಣಗಾಗಿತ್ತು.

"ಮತ್ತೆ? ಅಮ್ಮನ ಮುಖದ ಮೇಲೆ ಸಂತೆ ಕೂರಿಸ್ತೀಯಾ? ನೀನು ಅವತ್ತು ಬಂದು ಪೂರಾ ಮುಚ್ಚಿದೆ, ಗೊತ್ತಿಲ್ದೆ ಮಾಡ್ತಾಳೆ ಅಂತ ನಾನು ಸುಮ್ನಿದ್ದೆ. ನಾನು ಯಾವ ಕಿಟಕೀನೂ ಅಮ್ಮನ ಮೇಲೆ ಬಿಡಲ್ಲ. ಎಲ್ಲಾನೂ ಪಕ್ಕಕ್ಕೆ."

ಎಂದವನೇ ರಾಮಮ್ಮನ ಚೌಕವನ್ನು ಹಿಡಿದು ಚರಂಡಿಯ ಪಕ್ಕಕ್ಕೆ ಎಳೆದು ಬಿಟ್ಟ. ಚೌಕ ಮೌಸಿನ ಕೈಯಿಂದ ಚಿಮ್ಮಿ ಬಲಕ್ಕೆ, ಕೆಳಕ್ಕೆ ಹೋಗಿ ಗೇಟಿನ ಮೂಲೆಯಲ್ಲಿ ಕೂತಿತು. "ಕಂಡ್ಯಾ? ಕಂಡ್ಯಾ ಈಗ?"

ಆಶಾರಾಣಿ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಕಿಟಕಿ ಅಲುಗಾಡುತ್ತೆ ಅಂತ ನಾನು ಯೋಚ್ನೇನೇ ಮಾಡ್ಲಿಲ್ವಲ್ಲ!"

ಅವಳು ಆಮೇಲೆ ನನಗೆ ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಶಾಲೆಯಲ್ಲಿ ಕಲಿತದ್ದು ನನಗೆ ಕಡಿಮೆ. ಬಿಚ್ಚಿ ಜೋಡಿಸಿ ಕಲಿತದ್ದು ಜಾಸ್ತಿ. ಇದನ್ನೂ ಹಾಗೇ ಬಿಚ್ಚಿ ಜೋಡಿಸಿ ಅರ್ಥ ಮಾಡಿಕೊಂಡೆ.

ಒಬ್ಬ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಇಲ್ಲಿಂದ ಐವತ್ತು ಮಾರು ಮುಂದೆ ಗೂಟ ಹೊಡಿ" ಎನ್ನುತ್ತಾನೆ. ಗೂಟ ಹೊಡೆಯುವವನು ತನ್ನ ಮನೆಯ ಜಗಲಿಯಿಂದ ಐವತ್ತು ಮಾರು ಎಣಿಸುತ್ತಾನೆ. ಲೆಕ್ಕ ಇಬ್ಬರದೂ ಸರಿ, ಗೂಟ ಮಾತ್ರ ಪರರ ಗದ್ದೆಯಲ್ಲಿ. ಇಲ್ಲಿ ಆದದ್ದೂ ಅದೇ. ಮೌಸಿನ ಕೈ ಎಲ್ಲಿದೆ ಎಂದು ಅವಳ ಪ್ರೋಗ್ರಾಂ ಕೇಳಿದಾಗ ಕಂಪ್ಯೂಟರು ಕೊಟ್ಟ ಲೆಕ್ಕ ಇಡೀ ಪರದೆಯ ಎಡಮೇಲಿನ ಮೂಲೆಯಿಂದ. ಚೌಕ ಕೂರುವುದು ತನ್ನನ್ನು ಹೊತ್ತ ಪಟದ ಮೂಲೆಯಿಂದ ಲೆಕ್ಕ ಹಿಡಿದು. ಒಂದು ಲೆಕ್ಕವನ್ನು ಇನ್ನೊಂದಕ್ಕೆ ತಿರುಗಿಸಿ ಕೊಡದಿದ್ದರೆ ಚೌಕ ಬೇರೆಲ್ಲೋ ಹೋಗುತ್ತದೆ. ಆಶಾರಾಣಿ ತಿರುಗಿಸಿರಲಿಲ್ಲ. ಅವಳು ಯಾವಾಗಲೂ ಕಿಟಕಿಯನ್ನು ಪರದೆ ತುಂಬ ಬಿಡುವವಳು. ಆಗ ಎರಡು ಮೂಲೆಗಳಿಗೂ ಇರುವ ಅಂತರ ಮೇಲಿನ ಪಟ್ಟಿಯಷ್ಟೇ. ಅದಕ್ಕೆ ಅಂದಾಜಿನಲ್ಲಿ ಒಂದು ಅಂಕಿ ಕಳೆದು, ಸರಿ ಬಂತಲ್ಲ ಎಂದು ಬಿಟ್ಟಿದ್ದಳು. ಚೆನ್ನಯ್ಯ ಅಮ್ಮನ ಮುಖ ಬಿಡಿಸಲು ಕಿಟಕಿಯನ್ನು ಎಷ್ಟು ಸರಿಸಿದನೋ ಚೌಕವೂ ಕೈಯಿಂದ ಅಷ್ಟೇ ದೂರ ಓಡಿತು. ರಾಮಮ್ಮನ ಚೌಕ ಚರಂಡಿಯಿಂದ ಗೇಟಿಗೆ ಬಂತು. ಗೇಟಿನಲ್ಲಿದ್ದ ದೊಡ್ಡಿಯ ಚೌಕ ಇನ್ನೂ ಬಲಕ್ಕೆ ಓಡಿ ಪಟದ ಅಂಚಿನಾಚೆ ಮರೆಯಾಯಿತು.

"ಬೇರೆ ಯಾರ್ದಾದ್ರೂ ಚೌಕ ಎಳೆದು ನೋಡಿದ್ರಾ ಅಣ್ಣ?"

"ಯಾಕೆ ನೋಡ್ಲಿ? ಎರಡು ಸಾಲದಾ?"

"ಎಳೀರಿ. ನಿಮ್ಮ ಬಾಳೆಕಾಯಿ ಮಂಡಿ ಎಳೀರಿ."

ಎಳೆದ. ಮಂಡಿ ಸೀದಾ ರಸ್ತೆ ದಾಟಿ ಕಣ್ಮರೆಯಾಯಿತು. ಚೆನ್ನಯ್ಯ ಪರದೆಯ ಅಂಚಿನಾಚೆಗೆ ಬಗ್ಗಿ ನೋಡಿದ.

ಅಲ್ಲೇ ಕೂತು ಅವಳು ಸರಿಪಡಿಸಿದಳು. ಪರದೆಯ ಲೆಕ್ಕವನ್ನು ಪಟದ ಲೆಕ್ಕಕ್ಕೆ ತಿರುಗಿಸಿಕೊಡುವ ಉಪಾಯ ಅವಳು ಪ್ರೋಗ್ರಾಂ ಬರೆಯುವ ಭಾಷೆಯಲ್ಲೇ ಇದೆಯಂತೆ. ಅಂದಾಜಿನ ಅಂಕಿಯನ್ನು ಕಿತ್ತು ಆ ಸಾಲು ಹಾಕಿದಳು. ಚೆನ್ನಯ್ಯ ಕಿಟಕಿಯನ್ನು ಆ ಮೂಲೆಗೆ ಎಳೆದ, ಈ ಮೂಲೆಗೆ ಎಳೆದ, ಅರ್ಧ ಪರದೆಯಿಂದಾಚೆ ನೂಕಿದ. ಚೌಕ ಬಿಟ್ಟಲ್ಲೇ ಕೂತಿತು.

"ಸರಿಯಾಯ್ತಲ್ಲ. ಮುಗೀತು ಬಿಡು" ಎಂದ.

"ಮುಗೀಲಿಲ್ಲ."

"ಇನ್ನೇನು? ತಪ್ಪು ನಿಂದೇ ತಾನೆ? ನೀನೇ ಒಪ್ಕಂಡೆ."

"ತಪ್ಪು ನಂದೇ. ಎಲ್ರ ಮುಂದೇನೂ ಒಪ್ಕೋತೀನಿ. ಕಳ್ಳತನ ಯಾರ್ದಣ್ಣ? ಅದನ್ನ ಹೇಳಿದ್ದು ನೀವು. ಮೈಕಲ್ಲಿ ಹೇಳಿದ್ರಿ, ಮೈಕಲ್ಲೇ ತೆಗೀಬೇಕು."

"ಏ, ಅದೇನು ದೊಡ್ಡ ವಿಷ್ಯ. ಕಾಫಿ ಕುಡಿ ಬಾ. ನಾಲ್ಕು ಜನಕ್ಕೆ ನಾನೇ ಹೇಳ್ತೀನಿ."

"ನಾಲ್ಕು ಜನಕ್ಕಲ್ಲ ನೀವು ಹೇಳಿದ್ದು. ಸಂತೆಗೆ ಹೇಳಿದ್ರಿ."

ಕಾಫಿ ಕುಡಿಯಲಿಲ್ಲ. ಸರಿಯಾದ ಪಟವನ್ನು ಪ್ರಿಂಟು ಹಾಕಿ, ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡು ಹೊರಟಳು. ಹೋಗುವಾಗ ಪ್ರೋಗ್ರಾಮಿಗೆ ಬೀಗವನ್ನೇನೂ ಹಾಕಲಿಲ್ಲ. ಬೇಕಾದರೆ ಅವನೇ ಪ್ರಿಂಟು ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ಅವನಿಗೂ ಒಳಗೆಲ್ಲೋ ಚುಚ್ಚುತ್ತಿತ್ತು ಎಂದು ನಾನು ಅಂದುಕೊಳ್ಳುತ್ತೇನೆ. ಆದರೂ ನೋಡಿ, ಚುಚ್ಚಿದ್ದು ಬಾಯಿಗೆ ಬರಲು ಇಷ್ಟು ಕಷ್ಟವೇ? ಹೆಂಗಸಿನ ಹೆಸರು ಕೆಡಿಸುವಾಗ ನಾಲಗೆಗೆ ಎಣ್ಣೆ ಸವರಿದ ಹಾಗಿರುತ್ತದೆ. ಸರಿಪಡಿಸುವಾಗ ಅದೇ ನಾಲಗೆ ತುಕ್ಕು ಹಿಡಿದ ತಿರುಪು.

ಮುಂದಿನ ಸಂತೆ ಬಂತು. ಗೇಟಿನಲ್ಲಿ ಪಟವಿಲ್ಲ. ವ್ಯಾಪಾರಿಗಳು ಚೀಲ ಇಳಿಸಿಕೊಂಡು ರಸ್ತೆಯಲ್ಲೇ ನಿಂತರು. ಒಣಮೀನಿನವರು ಮಲಯಾಳದಲ್ಲಿ, ಬಟ್ಟೆಯವರು ಉರ್ದುವಿನಲ್ಲಿ, ಉಳಿದವರು ಬಾಯಿಗೆ ಬಂದ ಭಾಷೆಯಲ್ಲಿ ಗದ್ದಲವೆಬ್ಬಿಸಿದರು. ಆಶಾರಾಣಿ ನನ್ನ ಗೂಡಿನ ಮುಂದೆ ಕೈಕಟ್ಟಿ ನಿಂತಿದ್ದಳು. ಅವ್ವನನ್ನೂ ಬಲವಂತಮಾಡಿ ಕರೆತಂದಿದ್ದಳು. ರಾಮಮ್ಮ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು ಚೀಲದ ಮೇಲೆ ಕೂತಿದ್ದಳು.

ಚೆನ್ನಯ್ಯ ಬಂದ. ಮೈಕಿಗೆ ಕೈ ಚಾಚಿದ. ಕೊಟ್ಟೆ.

"ವ್ಯಾಪಾರಸ್ಥರ ಗಮನಕ್ಕೆ. ಕಳೆದ ವಾರದ ಪಟದಲ್ಲಿ ತಾಂತ್ರಿಕ ದೋಷ ಇತ್ತು. ಈಗ ಸರಿಯಾಗಿದೆ. ಎಲ್ಲರೂ ಸಹಕರಿಸಬೇಕು."

ಮೈಕು ಕೆಳಗಿಟ್ಟ. ನನಗೆ ಆ ಮೈಕಿನಿಂದಲೇ ಅವನ ತಲೆಗೆ ಒಂದು ಕುಟ್ಟೋಣ ಎನ್ನಿಸಿತು. ತಾಂತ್ರಿಕ ದೋಷವಂತೆ! ದೋಷ ಬಂದಾಗ ಅದಕ್ಕೆ ಅಪ್ಪ ಅಮ್ಮ ಊರು ಕೇರಿ ಎಲ್ಲ ಇತ್ತು, ಹೋಗುವಾಗ ಹೆಸರೇ ಇಲ್ಲದ ಅನಾಥ!

ಆಶಾರಾಣಿ ಮೈಕು ಎತ್ತಿಕೊಂಡಳು.

"ನಾನು ಆಶಾರಾಣಿ. ಪ್ರೋಗ್ರಾಂ ಬರೆದಿದ್ದು ನಾನು. ಕಿಟಕಿ ಸರಿಸಿದ್ರೆ ಲೆಕ್ಕ ತಪ್ಪುತ್ತೆ ಅನ್ನೋದನ್ನ ನಾನು ನೋಡ್ಕಂಡಿರಲಿಲ್ಲ. ಅದು ನನ್ನ ತಪ್ಪು. ಬೈಯೋದಿದ್ರೆ ಅದಕ್ಕೆ ಬೈರಿ. ದೊಡ್ಡವ್ವ, ನಿನ್ನ ಅಳಿಸಿದ್ದು ನನ್ನ ಅಡ್ಡಾದಿಡ್ಡಿ ಲೆಕ್ಕ, ನನ್ನವ್ವ ಅಲ್ಲ. ಕಳ್ಳತನ ಅಂದೋರು ಇಲ್ಲೇ ಇದಾರೆ. ಅವರು ಹೇಳೋ ತನಕ ಪಟ ನನ್ನ ಚೀಲದಲ್ಲೇ ಇರುತ್ತೆ."

ಎಲ್ಲರ ಕಣ್ಣೂ ಚೆನ್ನಯ್ಯನ ಮೇಲೆ. ಅವನು ಶಾಲಿನ ತುದಿ ತಿರುಚುತ್ತ, "ಹೇಳಾಯ್ತಲ್ಲ, ಮತ್ತೆ ಮತ್ತೆ ಏನು..." ಎಂದು ಗೊಣಗಿದ.

ಆಗ ದೊಡ್ಡಿ ಎಲೆಯ ಬುಟ್ಟಿಯನ್ನು ದಡ್ಡನೆ ನೆಲಕ್ಕೆ ಕುಕ್ಕಿದಳು. "ಏನ್ ಹೇಳಿದ್ಯೋ ಚೆನ್ನಯ್ಯ? ಹೋದ್ವಾರ ಹೆಸರು ಹಿಡಿದು ಕೂಗಿ ನನ್ನ ಕೈಲಿ ರಾಮೀನ ಬೈಸಿದ್ಯಲ್ಲ! ನಿನ್ನ ಮಾತು ನಂಬ್ಕಂಡು ಅವಳ ಹೊಟ್ಟೆ ಉರಿಸಿದೆ ನಾನು. ಈಗ ಬಾಯಲ್ಲಿ ಬಾಳೆಕಾಯಿ ಇಟ್ಕಂಡಿದೀಯಾ? ಹೆಸರು ಹೇಳೋ!"

ಯಾರೋ ನಕ್ಕರು. ಆಮೇಲೆ ಹಿಂದಿನಿಂದ ಒಬ್ಬರು "ಹೇಳ್ರೀ" ಎಂದರು. ಇನ್ನೊಬ್ಬರು ಎಂದರು. ಒಣಮೀನಿನವರು "ವೇಗಂ ಪರಯ್ ಚೇಟ್ಟಾ, ಬೇಗ ಹೇಳಣ್ಣ, ವ್ಯಾಪಾರ ಹಾಳಾಗ್ತದೆ" ಎಂದರು. ಚೆನ್ನಯ್ಯ ನನ್ನ ಮುಖ ನೋಡಿದ. ನಾನು ಮೈಕನ್ನು ಅವನ ಬಾಯಿಯ ಹತ್ತಿರಕ್ಕೇ ಹಿಡಿದೆ.

"ಆಶಾರಾಣಿ ಮೋಸ ಮಾಡಿಲ್ಲ" ಎಂದ, ಒಂದೇ ಉಸಿರಿಗೆ. ಬಹುಶಃ ಅವನಿಗೇ ಗೊತ್ತಿಲ್ಲದಂತೆ, ಇನ್ನೂ ಒಂದು ಮಾತು ಬಂತು. "ಕಳ್ಳತನ ಅಂತ ನಾನು ಹೇಳಿದ್ದು ತಪ್ಪು. ರಾಮಮ್ಮಂದೂ ಏನೂ ತಪ್ಪಿಲ್ಲ."

ಆಶಾರಾಣಿ ಚೀಲದಿಂದ ಪಟ ತೆಗೆದು ಕೊಟ್ಟಳು. ಚಪ್ಪಾಳೆ ಗಿಪ್ಪಾಳೆ ಏನೂ ಆಗಲಿಲ್ಲ. ಎಲ್ಲರೂ ಚೀಲ ಹೊತ್ತು ತಮ್ಮ ತಮ್ಮ ಜಾಗಕ್ಕೆ ನುಗ್ಗಿದರು. ಔಷಧಿ ಅಂಗಡಿಯವರು ಮಧ್ಯಾಹ್ನವೇ ಏನೂ ಆಗದವರಂತೆ ಅವಳಿಗೆ ಫೋನು ಮಾಡಿದರಂತೆ. "ಸ್ವಲ್ಪ ದಿನ ಬಿಟ್ಟು ನೋಡೋಣ" ಎಂದಳಂತೆ ಅವಳು. ಸರಿಯಾಗಿ ಹೇಳಿದಳು. ಮಾಡದ ತಪ್ಪಿಗೆ ಒಂದು ವಾರ ತಲೆತಗ್ಗಿಸಿದವರಿಗೆ ಆ ವಾರವನ್ನು ಯಾವ ಮೈಕೂ ತಂದುಕೊಡುವುದಿಲ್ಲ.

ನಾನು ಚರಂಡಿಯ ಕಡೆಗೆ ನಡೆದುಹೋದೆ. ರಾಮಮ್ಮ ಗೋಣಿ ಹಾಸಿ ಬೀನ್ಸ್ ಸುರಿದುಕೊಂಡಿದ್ದಳು. ಎಲ್ಲಿಂದಲೋ ಬಂದ ಗಿರಾಕಿಯೊಬ್ಬ, "ಏನಮ್ಮ ಅದು, ಮೈಕಲ್ಲಿ ಗಲಾಟೆ?" ಎಂದು ಕೇಳುತ್ತಿದ್ದ.

"ನನ್ನ ಮಗಳ ಹೆಸರು ಹೇಳಿದ್ರು ಕಣಪ್ಪ" ಎಂದು ರಾಮಮ್ಮ ತಕ್ಕಡಿ ಎತ್ತಿದಳು. "ಕಾಲು ಕೆಜಿ ಹಾಕ್ಲಾ, ಅರ್ಧ ಹಾಕ್ಲಾ?"